ಬಚ್ಚಲ ಒಲೆ

ಮಳೆಗಾಲ ಹಿಂದೆ ಸರಿದಿತ್ತು. ಚಳಿ ಇನ್ನೂ ಗಟ್ಟಿಯಾಗಿ ಕಾಲೂರಿರಲಿಲ್ಲ. ಬೆಳಗಿನ ಇಬ್ಬನಿ ಆರಿದ ಮೇಲೆ ಅಂಗಳಕ್ಕೆ ಸುರಿದ ಮುಸುಕಿನ ಜೋಳದ ರಾಶಿಯ ಸುತ್ತ ಮೂವರು ಕೂತಿದ್ದರು. ಅಕ್ಕ ಗೋಣಿಚೀಲದ ಮೇಲೆ ಕಾಲು ಚಾಚಿಕೊಂಡು ತೆನೆಯ ಸಿಪ್ಪೆ ಸುಲಿದು ಬೆನ್ನ ಹಿಂದಕ್ಕೆ ಎಸೆಯುತ್ತಿದ್ದಳು. ಸಿಪ್ಪೆ ಅವಳ ಹಿಂದೆ ಹುಲ್ಲಿನ ಬಣವೆಯವರೆಗೂ ಹಾಸಿಗೆಯ ಹಾಗೆ ಹರಡಿಕೊಂಡಿತ್ತು. ಅವಳ ಗಂಡ, ಕಥೆಗಾರನಿಗೆ ಭಾವ, ಒಂದು ಮರದ ಪೆಟ್ಟಿಗೆಯ ಮೇಲೆ ಕೂತು, ಸುಲಿದ ತೆನೆಯನ್ನು ಕಾಳು ಬಿಡಿಸಿದ ಬೋಳು ಬೆಂಡಿಗೆ ಒತ್ತಿ ತಿರುಚಿ ಕಾಳು ಉದುರಿಸುತ್ತಿದ್ದರು. ಅವರಿಗೆ ಬಲಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ನೆಲಕ್ಕೆ ಕೂತರೆ ಏಳುವುದು ಕಷ್ಟ. ಕೂರುವ ಆ ಪೆಟ್ಟಿಗೆಯಲ್ಲೇ ಹೋದ ವರ್ಷದ ಬೆಂಡುಗಳನ್ನು ತುಂಬಿ ಬೆಚ್ಚಗೆ ಇಟ್ಟಿದ್ದರು. ಬಚ್ಚಲ ಒಲೆ ಹೊತ್ತಿಸಲು ಒಣ ಬೆಂಡಿನಂಥದ್ದು ಇನ್ನೊಂದಿಲ್ಲ.

ಅಕ್ಕನ ತಮ್ಮ, ಪೇಟೆಯಿಂದ ಬಂದ ಕಥೆಗಾರ, ಅವಳ ಎದುರಿಗೆ, ಬಣವೆಯ ಕಡೆ ಮುಖ ಮಾಡಿ ಕೂತಿದ್ದ. ಅವನ ಹೆಬ್ಬೆರಳಿನ ಮೇಲೆ ಆಗಲೇ ಬೊಬ್ಬೆ ಎದ್ದಿತ್ತು.

"ಏನು ಸಾಹಿತಿಗಳೇ, ಈ ಸಲ ಯಾರ ಕುತ್ತಿಗೆಗೆ ಬಂತು?" ಅಂದರು ಭಾವ.

"ಇನ್ನೂ ಗೊತ್ತಿಲ್ಲ ಭಾವ. ಹುಡುಕ್ತಾ ಇದ್ದೀನಿ."

"ಹುಡುಕು ಹುಡುಕು. ನಮ್ಮ ಎತ್ತನ್ನ ಕಥೇಲಿ ಹಾಕು ಬೇಕಾದ್ರೆ. ಅದಕ್ಕೆ ಓದೋಕೆ ಬರಲ್ಲ, ಜಗಳಕ್ಕೆ ಬರಲ್ಲ."

ಅಕ್ಕ ತಲೆ ಎತ್ತದೆ ನಕ್ಕಳು. "ಎತ್ತು ಸುಮ್ನಿರುತ್ತೆ. ನೀವೇ ಅದರ ಪರವಾಗಿ ಊರೆಲ್ಲ ಹೇಳ್ಕೊಂಡು ಬರ್ತೀರ, ನಮ್ಮೆತ್ತು ಪುಸ್ತಕದಲ್ಲಿದೆ ಅಂತ."

ಕಥೆಗಾರ ತನ್ನ ಮುಂದೆ ಮೂರು ಬೋಳು ಬೆಂಡುಗಳನ್ನು ಸಾಲಾಗಿ ಇಟ್ಟುಕೊಂಡಿದ್ದ. ಅದು ಅವನ ಹಳೆಯ ಚಾಳಿ. ಪೇಟೆಯ ಮನೆಯಲ್ಲಾದರೆ ಬೆಂಕಿಕಡ್ಡಿ, ಇಲ್ಲಿ ಬೆಂಡು. ಯಾರು ಎಲ್ಲಿ ನಿಂತಿದ್ದರು, ಯಾರು ಯಾರ ಕಣ್ಣಿಗೆ ಬೀಳುತ್ತಿದ್ದರು ಅನ್ನುವುದು ಕೈಗೆ ಸಿಗದೆ ಅವನು ಪೆನ್ನು ಮುಟ್ಟುತ್ತಿರಲಿಲ್ಲ. ಭಾವ ಬಗ್ಗಿ ಒಂದು ಬೆಂಡನ್ನು ಎತ್ತಿ ತಿರುಗಿಸಿ ನೋಡಿದರು.

"ಇದು ಯಾರು, ನಾನಾ? ತುದಿ ಮುರಿದಿದೆಯಲ್ಲ."

"ಇಟ್ಬಿಡಿ ಭಾವ, ಅದು ಸುಮ್ನೆ."

"ನನ್ನ ಕಥೆ ಬರೀಬೇಕಾದ್ರೆ ನನ್ನನ್ನ ಕೇಳೋದೇ ಬೇಡ. ಇಡೀ ಊರಿಗೆ ಬಾಯಿಪಾಠ."

ಅದು ನಿಜವಾಗಿತ್ತು. ಭಾವ ಆ ಕಥೆಯನ್ನು ಅಂಗಡಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ದಾರಿ ಕೇಳಿದ ಅಪರಿಚಿತರ ಹತ್ತಿರವೂ ಹೇಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ಒಂದು ಮಧ್ಯಾಹ್ನ ಕೊಟ್ಟಿಗೆಯ ಹೆಂಚು ಸರಿಮಾಡಲು ಹತ್ತಿದವರು ಜಾರಿ ಹಿಂಬದಿಯ ಕಲ್ಲಿನ ಮೇಲೆ ಬಿದ್ದರು. ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಹುಲ್ಲಿಗೆ ಹೋಗಿದ್ದಳು. ಹುಲ್ಲು ಕೊಯ್ಯುತ್ತಿದ್ದವಳಿಗೆ ಇದ್ದಕ್ಕಿದ್ದ ಹಾಗೆ ಏನೋ ಅನ್ನಿಸಿ, ಅರ್ಧ ಕೊಯ್ದದ್ದನ್ನು ಅಲ್ಲೇ ಬಿಟ್ಟು ಓಡಿ ಬಂದಳು. ಮುಚ್ಚಂಜೆಯಾಗಿತ್ತು. ಅವಳು ಬರದಿದ್ದರೆ ರಾತ್ರಿಯೆಲ್ಲ ರಕ್ತ ಹೋಗಿ ಬೆಳಗಾಗುವುದರೊಳಗೆ ಹೆಣ. ಮಧ್ಯಾಹ್ನವೇ ತಂದಿದ್ದರೆ ಕಾಲು ಉಳಿಯುತ್ತಿತ್ತು ಎಂದು ಡಾಕ್ಟರು ಅಂದದ್ದನ್ನೂ ಭಾವ ಬಿಡದೆ ಹೇಳುತ್ತಿದ್ದರು. ಆದರೆ ಅದನ್ನು ಹೆಂಚಿನ ತಪ್ಪು ಎಂಬಂತೆ ಹೇಳುತ್ತಿದ್ದರು. ಕಥೆ ಮುಗಿಸುವಾಗ ಅಕ್ಕನ ಕಡೆ ಗದ್ದ ಎತ್ತಿ, "ಇವಳ ಋಣ ಈ ಜನ್ಮದಲ್ಲಿ ತೀರಲ್ಲ" ಅನ್ನುತ್ತಿದ್ದರು.

ಬರೀ ಬಾಯಿಮಾತಲ್ಲ. ಬೀಳುವುದಕ್ಕೆ ಮುಂಚೆ ಅವರು ಕುಡಿಯುವ ನೀರನ್ನೂ ಕೂತಲ್ಲಿಗೆ ತರಿಸಿಕೊಳ್ಳುತ್ತಿದ್ದ ಮನುಷ್ಯ. ಹೆಂಡತಿಯ ಜೊತೆ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಗಾಯ ಮಾಯ್ದು ಊರುಗೋಲು ಹಿಡಿದ ಮೇಲೆ ಅವರು ಮಾಡಿದ ಮೊದಲ ಕೆಲಸ ಬೆಳಗಿನ ಬಚ್ಚಲ ಒಲೆ. ಅವಳು ಏಳುವ ಮುಂಚೆ ಎದ್ದು, ಕುಂಟಿಕೊಂಡು ಹೋಗಿ ಒಲೆ ಹೊತ್ತಿಸಿ, ಹಂಡೆ ನೀರು ಕಾಯಿಸಿ, "ನೀರು ಕಾದಿದೆ" ಅಂತ ಕೂಗುವುದು. ಮೊದಲ ಬಿಸಿನೀರು ಅವಳಿಗೆ. ಮಳೆಯಿರಲಿ, ಜ್ವರವಿರಲಿ, ಅದು ತಪ್ಪಿದ ದಿನವಿಲ್ಲ. ನಲವತ್ತು ವರ್ಷದಿಂದ ಅಕ್ಕ ಆ ಒಲೆಗೆ ಒಂದು ಕಡ್ಡಿ ಇಟ್ಟವಳಲ್ಲ.

ಬಿಸಿಲು ಓರೆಯಾದಾಗ ಭಾವ ಎದ್ದರು. "ಸಂಜೆಗೆ ಇಬ್ಬನಿ ಬೀಳುತ್ತೆ. ಪಕ್ಕದ ಮನೇಲಿ ಟಾರ್ಪಾಲು ಕೇಳ್ಕೊಂಡು ಬರ್ತೀನಿ. ಈ ಬೆಂಡು ನೆಂದ್ರೆ ಹೊಗೆ ಬಿಟ್ರೆ ಬೇರೇನೂ ಬರಲ್ಲ."

"ಅವನನ್ನ ಕಳಿಸಿ, ನೀವ್ಯಾಕೆ?" ಅಂದಳು ಅಕ್ಕ.

"ಅವನು ದಾರೀಲಿ ಸಿಕ್ಕೋರ ಕಥೆ ಕೇಳ್ತಾ ನಿಂತ್ರೆ ಟಾರ್ಪಾಲು ನಾಳೆ ಬರುತ್ತೆ." ಊರುಗೋಲು ಊರಿಕೊಂಡು ಅವರು ಬೇಲಿ ದಾಟಿ ಹೋದರು.

ಕಥೆಗಾರ ಕಾದಿದ್ದದ್ದು ಅದಕ್ಕೇ.

ತಾಯಿ ಸತ್ತ ಮೇಲೆ ಅಕ್ಕನ ಜೊತೆಗೇ ಈ ಮನೆಗೆ ಬಂದು ಬೆಳೆದವನು ಅವನು. ಆ ಸಂಜೆ ಶಾಲೆಯಿಂದ ಬಂದಾಗ ಅಂಗಳದ ತುಂಬ ಜನ. ಭಾವನನ್ನು ಗಾಡಿಗೆ ಎತ್ತಿ ಹಾಕುತ್ತಿದ್ದರು. ಅಕ್ಕ ಹುಲ್ಲಿಗೆ ಹೋಗಿದ್ದಳು ಎಂದು ಯಾರೋ ಹೇಳಿದರು. ಆದರೆ ಕುಡುಗೋಲು ಬಾಗಿಲ ಪಕ್ಕದ ಮೊಳೆಯಲ್ಲಿ ಎಂದಿನಂತೆ ತೂಗುತ್ತಿತ್ತು. ಅಕ್ಕ ಒಳ್ಳೆಯ ಬಟ್ಟೆ ಉಟ್ಟಿದ್ದಳು. ಅದನ್ನು ಯಾರಿಗೂ ಹೇಳದೆ ಅವನು ಇಷ್ಟು ವರ್ಷ ಇಟ್ಟುಕೊಂಡಿದ್ದ. ಬೇರೆಯವರ ಕಥೆಗಳನ್ನೆಲ್ಲ ಬರೆದು ಮುಗಿಸಿದ್ದ. ಎರಡು ವರ್ಷದಿಂದ ಏನೂ ಹೊಳೆಯದೆ ಕೂತಿದ್ದಾಗ ಆ ಮೊಳೆಯೂ ಕುಡುಗೋಲೂ ಮತ್ತೆ ಕಣ್ಣ ಮುಂದೆ ಬಂದಿದ್ದವು.

ಜನರಿಂದ ನಿಜ ತೆಗೆಯುವ ಒಂದು ದಾರಿ ಅವನಿಗೆ ಗೊತ್ತಿತ್ತು. ನೇರವಾಗಿ ಕೇಳಿದರೆ ಜನ ಸುಳ್ಳು ಹೇಳುತ್ತಾರೆ. ತಪ್ಪು ಹೊರಿಸಿದರೆ ಬಾಯಿ ಮುಚ್ಚಿಕೊಳ್ಳುತ್ತಾರೆ. ತಮ್ಮದಲ್ಲದ ಒಳ್ಳೆಯತನವನ್ನು ತಲೆಗೆ ಕಟ್ಟಿದರೆ ಮಾತ್ರ ಆ ಭಾರ ತಾಳಲಾರದೆ ತಾವಾಗಿ ಕೆಳಗಿಳಿಸುತ್ತಾರೆ. ಅವನ ಬೀದಿಯಲ್ಲಿ ಒಬ್ಬ ದರ್ಜಿಯಿದ್ದ. ಹಾಸಿಗೆ ಹಿಡಿದ ತಾಯಿಯನ್ನು ಬಹಳ ಕಾಲ ನೋಡಿಕೊಂಡವನು. "ಕೊನೇ ದಿನ ಔಷಧಿ ಕೊಡೋದು ಮರೆತುಹೋಯ್ತು ಅಷ್ಟೇ, ನಿಮ್ಮಷ್ಟು ಸೇವೆ ಯಾರು ಮಾಡ್ತಾರೆ" ಎಂದು ಕಥೆಗಾರ ಮೃದುವಾಗಿ ಅಂದಿದ್ದ. ದರ್ಜಿ ಕತ್ತರಿ ಕೆಳಗಿಟ್ಟು, "ಮರೆತಿರ್ಲಿಲ್ಲ" ಅಂದ. ಆ ಕಥೆಯನ್ನು ಜನ ಈಗಲೂ ನೆನೆಯುತ್ತಾರೆ. ದರ್ಜಿ ಅಂಗಡಿ ಖಾಲಿ ಮಾಡಿ ಎಲ್ಲಿಗೆ ಹೋದನೋ ಕಥೆಗಾರ ವಿಚಾರಿಸಲಿಲ್ಲ.

"ಅಕ್ಕಾ, ಒಂದು ಕಥೆ ಕಟ್ತಾ ಇದ್ದೀನಿ, ಕೇಳ್ತೀಯಾ?"

"ಹೇಳು. ಕೈಗೇನು ಕಿವಿ ಇಲ್ವಲ್ಲ, ಅದರ ಪಾಡಿಗೆ ಅದು ಕೆಲಸ ಮಾಡುತ್ತೆ."

"ಒಬ್ಬ ಹೆಂಗಸು. ಹೊಸದಾಗಿ ಮದುವೆಯಾದೋಳು. ಒಂದು ದಿನ ಮಧ್ಯಾಹ್ನ ಮನೆ ಬಿಟ್ಟು ಹೊರಡ್ತಾಳೆ."

ಅಕ್ಕನ ಕೈ ತೆನೆಯ ಮೇಲೆ ನಿಂತು ಮತ್ತೆ ಓಡಿತು. "ಎಲ್ಲಿಗೆ?"

"ಅದೇ ಗೊತ್ತಾಗ್ತಿಲ್ಲ. ರಸ್ತೆ ಕಡೆಗೆ ಅಂತ ಇಟ್ಕೊಂಡಿದ್ದೀನಿ, ಬಸ್ಸು ನಿಲ್ಲೋ ಕಡೆಗೆ." ಅವನು ಒಂದು ಬೆಂಡನ್ನು ದೂರ ಸರಿಸಿದ. "ಅವಳು ಅತ್ತ ಹೊರಟಾಗ ಇತ್ತ ಗಂಡ ಹೆಂಚಿನ ಮಾಡಿನ ಮೇಲಿಂದ ಬೀಳ್ತಾನೆ."

"ಪುಟ್ಟ," ಅಂದಳು ಅಕ್ಕ. ಅವನಿಗೆ ತಲೆ ನರೆತರೂ ಅವಳಿಗೆ ಅವನು ಪುಟ್ಟನೇ. "ಬೇರೆ ಕಥೆ ಮಾಡ್ಕೊ."

"ನಿನ್ನ ಕಥೆ ಅಲ್ಲ ಅಕ್ಕ. ಇವಳು ತುಂಬ ಒಳ್ಳೆಯೋಳು. ಗಂಡ ಬಿದ್ದಿದ್ದು ಇವಳಿಗೆ ಗೊತ್ತಾಗೋದೇ ಇಲ್ಲ. ಅವನು ಕೂಗ್ತಾನೆ, ಆದ್ರೆ ಆವತ್ತು ಗಾಳಿ ಜೋರು. ಇವಳಿಗೆ ಕೇಳಿಸಲ್ಲ. ಕೇಳಿಸಿದ್ರೆ ನಿಲ್ತಿರ್ಲಿಲ್ವಾ, ಪಾಪ."

ಅಕ್ಕ ಸುಲಿದ ತೆನೆಯನ್ನೇ ಮತ್ತೆ ಸುಲಿಯಲು ನೋಡಿ, ಸಿಪ್ಪೆ ಸಿಗದೆ, ರಾಶಿಗೆ ಹಾಕಿದಳು. ಕೊಟ್ಟಿಗೆಯಲ್ಲಿ ಹಸು ಕಾಲು ಬದಲಿಸಿದ ಸದ್ದಾಯಿತು.

"ಗಾಳಿ ಇರ್ಲಿಲ್ಲ," ಅಂದಳು.

ಇಂಥ ಹೊತ್ತಿನಲ್ಲಿ ಆತುರಪಡಬಾರದು. ಕಥೆಗಾರ ಒಂದು ತೆನೆ ತೆಗೆದುಕೊಂಡು ಕಾಳು ಬಿಡಿಸತೊಡಗಿದ.

"ಎಲೆ ಅಲ್ಲಾಡ್ತಿರ್ಲಿಲ್ಲ," ಅಂದಳು ಅಕ್ಕ. "ಹೆಂಚು ಬಿದ್ದ ಸದ್ದು ಕೇಳಿಸ್ತು. ಆಮೇಲೆ ನನ್ನ ಹೆಸರು ಹಿಡಿದು ಕೂಗಿದ್ರು. ಅಲ್ಲಿವರೆಗೆ ಅವರು ನನ್ನ ಹೆಸರು ಹಿಡಿದು ಕೂಗಿದ್ದೇ ಇಲ್ಲ. ಏಯ್, ಇವಳೇ, ಅಷ್ಟೇ. ಬೇಲಿ ಹತ್ರ ಒಂದು ಗಳಿಗೆ ನಿಂತೆ. ವಾಪಸ್ ಹೋದ್ರೆ ಮತ್ತೆ ಹೊರಡೋಕಾಗಲ್ಲ ಅಂತ ಗೊತ್ತಿತ್ತು. ನಡೆದೆ."

"ಅವರು ಹೊಡೀತಿದ್ರಾ ನಿನಗೆ?" ಅವನು ಕಥೆಯ ಹೆಂಗಸನ್ನು ಬಿಟ್ಟುಬಿಟ್ಟಿದ್ದ. ಅಕ್ಕನೂ.

"ಹೊಡೆದಿದ್ರೆ ಹೇಳ್ಕೊಳ್ಳೋಕೆ ಒಂದು ಕಾರಣ ಇರ್ತಿತ್ತು. ಏನೂ ಇಲ್ಲ. ಈ ಮನೇಲಿ ನಾನಿದ್ದೀನೋ ಇಲ್ವೋ ಅಂತ ಯಾರಿಗೂ ಗೊತ್ತಿರ್ಲಿಲ್ಲ, ಅಷ್ಟೇ. ಕಾಲು ಹೋದ ಮೇಲೆ ನನಗೆ ಬೇರೆ ಗಂಡನೇ ಸಿಕ್ಕಿದ ಹಾಗಾಯ್ತು. ಅದನ್ನ ತಿಂದ್ಕೊಂಡು ಇಷ್ಟು ದಿನ ಇದ್ದೀನಿ."

"ನೀನು ರಸ್ತೆವರೆಗೆ ಹೋದೆ," ಅಂದ ಕಥೆಗಾರ. "ಬಸ್ಸು ಬರ್ಲಿಲ್ಲ."

"ಬಂತು."

"ಬಂದ್ರೂ ಹತ್ತಲಿಲ್ಲ. ಶಾಲೆಯಿಂದ ಬರೋ ತಮ್ಮನ ನೆನಪಾಯ್ತು. ತಾಯಿಯಿಲ್ಲದ ಹುಡುಗನ್ನ ಬಿಟ್ಟು ಹೋಗೋಕೆ ಮನಸ್ಸು ಬರ್ಲಿಲ್ಲ." ಇದನ್ನು ಹೇಳುವಾಗ ಅವನ ದನಿ ತಾನಾಗಿ ತಗ್ಗಿತು. ಇದು ಗಾಳವೋ, ಅವನ ಆಸೆಯೋ, ಅವನಿಗೇ ಖಚಿತವಿರಲಿಲ್ಲ.

ಅಕ್ಕ ಮೊದಲ ಸಲ ಅವನ ಮುಖ ನೋಡಿದಳು. "ನಿನ್ನ ನೆನಪು ಬರ್ಲಿಲ್ಲ ಪುಟ್ಟ. ಬಂದಿದ್ರೆ ಚೆನ್ನಾಗಿರ್ತಿತ್ತು."

ಎದೆಯೊಳಗೆ ಏನೋ ಕಿತ್ತ ಹಾಗಾಯಿತು. ಅದರ ಬೆನ್ನಿಗೇ, ಗಾಳದ ದಾರ ಬಿಗಿದಾಗಿನ ಒಂದು ಹಿತವೂ ಆಯಿತು. ಇದನ್ನು ಅವನು ಎಂದೂ ಊಹಿಸಿರುತ್ತಿರಲಿಲ್ಲ. ಊಹಿಸಲಾಗದ್ದು ಬಂದರೆ ಮಾತ್ರ ಕಥೆ ನಿಲ್ಲುತ್ತದೆ.

ಆಗ ಬಣವೆಯ ಪಕ್ಕದಲ್ಲಿ ಭಾವ ಕಾಣಿಸಿಕೊಂಡರು. ಹೆಗಲ ಮೇಲೆ ಮಡಿಸಿದ ನೀಲಿ ಟಾರ್ಪಾಲು. ಸಿಪ್ಪೆಯ ಮೇಲೆ ಊರುಗೋಲಿನ ಸದ್ದೇ ಆಗಿರಲಿಲ್ಲ. ಅಕ್ಕನ ಬೆನ್ನು ಅವರ ಕಡೆಗಿತ್ತು. ಏನೋ ತಮಾಷೆ ಮಾಡಲು ಹೊರಟವರ ಹಾಗೆ ಬಾಯಿ ಅರ್ಧ ತೆರೆದು, ಅಕ್ಕನ ದನಿಯಲ್ಲಿ ಏನೋ ಕೇಳಿಸಿ ಹಾಗೇ ನಿಂತರು.

ಕಥೆಗಾರ ಅವರನ್ನು ನೋಡಿದ. ಒಂದು ಕೆಮ್ಮು ಸಾಕಿತ್ತು. "ಭಾವ ಬಂದ್ರು" ಅಂದರೆ ಸಾಕಿತ್ತು. ಆಗ ಅಕ್ಕ ತೆನೆಯ ಮಾತು ತೆಗೆಯುತ್ತಿದ್ದಳು, ಭಾವ ಟಾರ್ಪಾಲಿನ ಮಾತು ತೆಗೆಯುತ್ತಿದ್ದರು. ಆದರೆ ಕೊನೆಯ ವಾಕ್ಯ ಅವಳ ನಾಲಿಗೆಯ ತುದಿಗೆ ಬಂದಿತ್ತು. ಅದು ಒಳಗೆ ಹೋದರೆ ಮತ್ತೆ ಬರುವುದಿಲ್ಲ. ಕಥೆಗಾರ ಕಣ್ಣನ್ನು ತೆನೆಗೆ ಇಳಿಸಿ, ಇನ್ನೂ ಮೆತ್ತಗೆ ಹೇಳಿದ:

"ಹಾಗಾದ್ರೆ ಭಾವನ ಕೂಗು ನೆನಪಾಗಿ ವಾಪಸ್ ಬಂದೆ."

"ಅದೂ ಅಲ್ಲ," ಅಂದಳು ಅಕ್ಕ. "ಅವರು ಸತ್ತೇ ಹೋಗಿರ್ತಾರೆ ಅನ್ಕೊಂಡಿದ್ದೆ. ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿತ್ತು. ಹಾಲು ಕರೆಯೋ ಹೊತ್ತು. ಹಸು ಕೆಚ್ಚಲು ತುಂಬ್ಕೊಂಡು ಕೂಗ್ತಿರುತ್ತಲ್ಲ ಅನ್ನಿಸ್ತು. ಇಳಿದೆ. ಬಂದು ಮೊದಲು ಹಾಲು ಕರೆದೆ. ಆಮೇಲೆ ಹಿಂದುಗಡೆ ಹೋಗಿ ನೋಡಿದೆ." ಅವಳು ಕೈಯ ಧೂಳು ಕೊಡವಿದಳು. "ಹಸುವಿಗೋಸ್ಕರ ಬಂದೋಳು ನಾನು. ಇವರು ಊರೆಲ್ಲ ಸಾರಿಕೊಂಡು ಬರ್ತಾರೆ."

ಕಥೆಗಾರ ತಲೆ ಎತ್ತಿದಾಗ ಬಣವೆಯ ಪಕ್ಕ ಯಾರೂ ಇರಲಿಲ್ಲ.

ಅಕ್ಕನ ಮುಖ, ತಲೆಯ ಮೇಲಿನ ಹೊರೆಯನ್ನು ಯಾರೋ ಕೈಕೊಟ್ಟು ಇಳಿಸಿದ ಹಾಗೆ ಸಡಿಲವಾಗಿತ್ತು. "ಬರೀತೀಯೇನೋ ಇದನ್ನ?" ಅಂದಳು. ಅವನು ಉತ್ತರ ಕೊಡುವ ಮುಂಚೆ, "ಅವರಿಗೆ ಯಾರೂ ಓದಿ ಹೇಳದ ಹಾಗೆ ಬರಿ," ಎಂದು ಎದ್ದು ಕೊಟ್ಟಿಗೆಯ ಕಡೆ ಹೋದಳು. ಹಾಲು ಕರೆಯುವ ಹೊತ್ತಾಗಿತ್ತು.

ಭಾವ ಕತ್ತಲಾದ ಮೇಲೆ ಬಂದರು.

"ಇಷ್ಟೊತ್ತು ಎಲ್ಲಿಗೆ ಹೋಗಿದ್ರಿ?" ಅಂದಳು ಅಕ್ಕ ಊಟಕ್ಕೆ ಬಡಿಸುತ್ತ.

"ಟಾರ್ಪಾಲು ಸಿಗಲಿಲ್ಲ."

"ಬೆಂಡೆಲ್ಲ ಹೊರಗೇ ಇದೆ. ಬುಟ್ಟೀಲಾದ್ರೂ ತುಂಬಿ ಒಳಗಿಡೋಣ."

"ಇರ್ಲಿ ಬಿಡು," ಅಂದರು ಭಾವ. ಅಷ್ಟೇ. ಉಂಡು, ಕೈ ತೊಳೆದು, ಗೋಡೆಯ ಕಡೆ ತಿರುಗಿ ಮಲಗಿದರು. ಸುಸ್ತಾಗಿರಬೇಕು ಅಂದಳು ಅಕ್ಕ. ಕಥೆಗಾರ ಬೇರೆ ಕೋಣೆಯಲ್ಲಿ ದೀಪ ಹಚ್ಚಿಕೊಂಡು ಬರೆಯತೊಡಗಿದ. ಬಹಳ ದಿನದ ಮೇಲೆ ಪೆನ್ನು ಎಲ್ಲೂ ನಿಲ್ಲದೆ ಓಡಿತು. ಹೊಡೆದು ಹಾಕಿದ್ದು ಒಂದೆರಡು ಪದವಷ್ಟೇ.

ಬೆಳಿಗ್ಗೆ ಅವನಿಗೆ ಎಚ್ಚರವಾದದ್ದು ಸದ್ದಿನಿಂದಲ್ಲ, ಸದ್ದಿಲ್ಲದ್ದರಿಂದ. "ನೀರು ಕಾದಿದೆ" ಎನ್ನುವ ಕೂಗು ಬಂದಿರಲಿಲ್ಲ. ಹೊರಗೆ ಇಬ್ಬನಿ ದಟ್ಟವಾಗಿ ಇಳಿದಿತ್ತು. ಭಾವ ಆಗಲೇ ಅಂಗಳದಲ್ಲಿ ಪೆಟ್ಟಿಗೆಯ ಮೇಲೆ ಕೂತು ಒದ್ದೆ ತೆನೆಯನ್ನು ತಿರುಚುತ್ತಿದ್ದರು. ಕಾಳು ಸಲೀಸಾಗಿ ಬಿಡುತ್ತಿರಲಿಲ್ಲ.

ಅಕ್ಕ ಹೆಗಲ ಮೇಲೆ ಟವೆಲು ಹಾಕಿಕೊಂಡು ಬಚ್ಚಲಿಗೆ ಹೋದಳು. ತಣ್ಣಗಿನ ಹಂಡೆಯನ್ನು ಮುಟ್ಟಿ ಹೊರಗೆ ಬಂದು, "ಹುಷಾರಿಲ್ವಾ ನಿಮಗೆ?" ಅಂದಳು.

"ಹುಷಾರಾಗಿದ್ದೀನಿ."

ಅವಳು ಗಂಡನ ಮುಖವನ್ನೇ ನೋಡಿದಳು. ಆಮೇಲೆ ಅವಳ ಕಣ್ಣು ಬಣವೆಯ ಕಡೆ ಹೋಯಿತು. ತಾನು ನಿನ್ನೆ ಕೂತಿದ್ದ ಗೋಣಿಚೀಲದ ಹಿಂದೆ, ಸಿಪ್ಪೆಯ ಮೇಲೆ, ನೀಲಿ ಟಾರ್ಪಾಲು ಮಡಿಕೆ ಬಿಚ್ಚದೆ ಬಿದ್ದಿತ್ತು. ಮೇಲೆಲ್ಲ ಇಬ್ಬನಿಯ ಹನಿ. ಅವಳು ಅದರ ಹತ್ತಿರ ಹೋಗಿ ನಿಂತಳು. ಅಲ್ಲಿಂದ ತನ್ನ ಗೋಣಿಚೀಲ ನೋಡಿದಳು. ಅದರಾಚೆ ತಮ್ಮ ಕೂತಿದ್ದ ಜಾಗ ನೋಡಿದಳು; ಅಲ್ಲಿ ಮೂರು ಬೆಂಡುಗಳು ಇಟ್ಟಲ್ಲೇ ಇದ್ದವು. ತಮ್ಮ ಬಾಗಿಲಲ್ಲಿ ನಿಂತಿದ್ದ.

"ನೀನು ಈ ಕಡೆಗೆ ಮುಖ ಮಾಡಿ ಕೂತಿದ್ದೆ," ಅಂದಳು.

ಬಗ್ಗಿ ಅಂಗಳದ ಬೆಂಡುಗಳನ್ನು ಮಡಿಲಿಗೆ ಹಾಕಿಕೊಳ್ಳತೊಡಗಿದಳು. ನೆಂದ ಬೆಂಡುಗಳು. ಆ ಮೂರನ್ನೂ ಹಾಕಿಕೊಂಡಳು.

ಬೆಳಗಿನ ಬಸ್ಸಿಗೆ ಹೊರಡಬೇಕೆಂದು ಅವನು ಚೀಲ ಹೆಗಲಿಗೇರಿಸಿ ಭಾವನ ಹತ್ತಿರ ಬಂದ. ಪ್ರತಿ ಸಲ ಅವರು ಬೇಲಿಯವರೆಗೆ ಬಂದು ಏನಾದರೊಂದು ಚುಚ್ಚಿ ಕಳಿಸುತ್ತಿದ್ದರು. ಈ ಸಲ ಏಳಲಿಲ್ಲ.

"ಬರ್ತೀನಿ ಭಾವ."

"ಹ್ಞೂ." ತೆನೆ ತಿರುಚುತ್ತಲೇ ಕೇಳಿದರು: "ಅವನನ್ನ ಕೊನೇಲಿ ಏನ್ಮಾಡ್ತೀಯ?"

"ಯಾರನ್ನ?"

"ನಿನ್ನ ಕಥೇಲಿ ಮಾಡಿನಿಂದ ಬಿದ್ನಲ್ಲ, ಅವನನ್ನ."

ಕಥೆಗಾರ ಚೀಲದ ಪಟ್ಟಿ ಸರಿಮಾಡಿಕೊಂಡ. "ಇನ್ನೂ ಯೋಚಿಸಿಲ್ಲ."

"ಸಾಯ್ಸಿಬಿಡು," ಅಂದರು ಭಾವ. ತಮಾಷೆ ಮಾಡುವಾಗಿನ ಅದೇ ದನಿ. "ಬಿದ್ದ ಜಾಗದಲ್ಲೇ. ಅವಳು ಬಸ್ಸು ಹತ್ತಿ ಹೋಗ್ಲಿ. ಬದುಕಿಸಿದ್ರೆ ಅವನು ಇಲ್ಲದ ಋಣ ತೀರಿಸ್ತಾ ಕೂತ್ಕೋತಾನೆ." ಅವರು ಬೋಳಾದ ಬೆಂಡನ್ನು ಪಕ್ಕಕ್ಕೆ ಎಸೆದು ಇನ್ನೊಂದು ತೆನೆ ಎತ್ತಿಕೊಂಡರು. "ಹೋಗು, ಬಸ್ಸು ತಪ್ಪುತ್ತೆ."

ಬೇಲಿ ದಾಟಿದ ಮೇಲೆ ಕಥೆಗಾರ ಒಮ್ಮೆ ತಿರುಗಿ ನೋಡಿದ. ಭಾವ ಹೇಳಿದ ಕೊನೆ ತಾನು ರಾತ್ರಿ ಬರೆದದ್ದಕ್ಕಿಂತ ಚೆನ್ನಾಗಿದೆ ಎಂದು ಅವನಿಗೆ ಅನ್ನಿಸುತ್ತಿತ್ತು.

ಬಚ್ಚಲಿನ ಬಾಗಿಲಿಂದ ಬಿಳಿ ಹೊಗೆ ದಪ್ಪಗೆ ಹೊರಬಿದ್ದು ಅಂಗಳದ ಮೇಲೆ ತೆವಳುತ್ತಿತ್ತು. ಒಳಗೆ ಅಕ್ಕ ಊದುಕೊಳವೆಯಿಂದ ಊದುವ ಸದ್ದು, ನಡುವೆ ಕೆಮ್ಮು. ಒಂದು ಸಲ ಅವಳು ಕಣ್ಣೊರೆಸಿಕೊಂಡು ಹೊರಗೆ ಬಂದು ಒಣ ಬೆಂಡಿನ ಪೆಟ್ಟಿಗೆಯನ್ನು ನೋಡಿದಳು. ಭಾವ ಅದರ ಮೇಲೆ ಕೂತಿದ್ದರು. ಹೊಗೆ ಅವರ ಮುಖಕ್ಕೂ ಬಡಿಯುತ್ತಿತ್ತು. ಅವರು ಊರುಗೋಲಿಗೆ ಕೈ ಹಾಕಲಿಲ್ಲ. ಅವಳು ಒಳಗೆ ಹೋದಳು. ಮತ್ತೆ ಊದುವ ಸದ್ದು ಶುರುವಾಯಿತು.